ಹೊಳೆಯ ವೇಗ ಮೈನಸ್ ಒಂದು

ಕೆಂಪು ಶಾಯಿ ಕಂಡರೆ ನನಗೆ ಇವತ್ತಿಗೂ ಹೆದರಿಕೆ. ವರ್ಷ ನಲವತ್ತೇಳಾಯಿತು, ನನಗೆ ಅಂಕ ಕೊಡುವವರು ಯಾರೂ ಉಳಿದಿಲ್ಲ, ಆದರೂ. ಹಾಗಾಗಿ ಆ ಗುರುವಾರ ಸಂಜೆ ಮಗಳು ತನ್ನ ಗಣಿತದ ಪ್ರಾಜೆಕ್ಟ್ ಫೈಲನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟು, "ಅಮ್ಮ, ಇದಕ್ಕೆ ನಿನ್ನ ಸಹಿ ಬೇಕಂತೆ" ಎಂದಾಗ ನಾನು ಮೊದಲು ನೋಡಿದ್ದು ಲೆಕ್ಕವನ್ನಲ್ಲ, ಕೆಂಪನ್ನು. ಕೊನೆಯ ಸಾಲಿನ ಉತ್ತರಕ್ಕೆ ದೊಡ್ಡದೊಂದು ಸುತ್ತು. ಅದರ ಪಕ್ಕದಲ್ಲಿ ಟೀಚರ್‌ ಅಕ್ಷರ: "ವೇಗ ಋಣವಾಗದು. ಬೆಲೆಗಳು ಅದಲುಬದಲಾಗಿವೆ. ತಿದ್ದಿ ಸೋಮವಾರದೊಳಗೆ ಕೊಡು. ಪೋಷಕರ ಸಹಿ ಇರಲಿ."

ಸುತ್ತಿನ ಒಳಗೆ ಇದ್ದದ್ದು ಇಷ್ಟೆ: ಹೊಳೆಯ ವೇಗ, ಗಂಟೆಗೆ ಮೈನಸ್ ಒಂದು ಕಿಲೋಮೀಟರ್.

ಮಗಳು ಹತ್ತನೇ ತರಗತಿ. ಪ್ರಾಜೆಕ್ಟಿಗೆ ಹತ್ತು ಅಂಕ. ದಿನನಿತ್ಯದ ಬದುಕಿನಿಂದ ಒಂದು ಸಂಗತಿ ಆರಿಸಿಕೊಂಡು, ಅದರಲ್ಲಿ ಗೊತ್ತಿಲ್ಲದ ಎರಡು ಬೆಲೆಗಳನ್ನು ಎರಡು ಸಮೀಕರಣ ಮಾಡಿ ಬಿಡಿಸಿ ತರಬೇಕು. ತರಗತಿಯಲ್ಲಿ ಎಲ್ಲರೂ ಜಾಣರು, ಪೆನ್ನು ಪುಸ್ತಕದ ಲೆಕ್ಕ ಮಾಡಿದ್ದರು. ಎರಡು ಪೆನ್ನು, ಮೂರು ಪುಸ್ತಕ, ಮನೆಯಿಂದ ಹೊರಗೆ ಕಾಲಿಡದೆ ಮುಗಿಯುತ್ತದೆ. ನನ್ನ ಮಗಳಿಗೆ ಮಾತ್ರ ಹೊಳೆ ಬೇಕಾಯಿತು.

ನಮ್ಮ ಮನೆ ಉರ್ವದಲ್ಲಿ. ನನ್ನ ತವರು ಅಲ್ಲಿಂದ ಹೆಚ್ಚು ದೂರ ಇಲ್ಲ, ಗುರುಪುರ ಹೊಳೆಯ ದಡದಲ್ಲಿ. ಹೊಳೆ ಸಮುದ್ರಕ್ಕೆ ಸೇರುವ ಅಳಿವೆ ಅಲ್ಲಿಂದ ಹತ್ತಿರವೇ. ಈಗ ಅಲ್ಲಿ ನನ್ನ ತಮ್ಮನ ಸಂಸಾರ ಉಂಟು, ತಮ್ಮನ ಹತ್ತಿರ ಎಂಜಿನ್ ಇಟ್ಟ ಒಂದು ಸಣ್ಣ ಫೈಬರ್ ದೋಣಿ ಉಂಟು. ವಾರದಲ್ಲಿ ನಾಲ್ಕು ದಿನ ಹೊಳೆಯ ತಳದಿಂದ ಮರುವಾಯಿ ಚಿಪ್ಪು ತೆಗೆಯಲು ಹೋಗುತ್ತಾನೆ, ಭಾನುವಾರ ಹೊಳೆ ನೋಡಲು ಬಂದವರನ್ನು ಒಂದು ಸುತ್ತು ಕರೆದುಕೊಂಡು ಹೋಗುತ್ತಾನೆ. ಮಗಳು ಶಾಲೆ ಬಿಟ್ಟ ಮೇಲೆ ನಾನು ಆಫೀಸಿನಿಂದ ಬರುವವರೆಗೆ ಇರುವುದು ಅಲ್ಲಿಯೇ. ನಾನು ವಿಮೆಯ ಆಫೀಸಿನಲ್ಲಿ ಗುಮಾಸ್ತೆ. ಇನ್ನೂ ಆಗದ ಅನಾಹುತಗಳನ್ನು ಮೊದಲೇ ಪಟ್ಟಿ ಮಾಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಸಂಬಳ ಕೊಡದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ.

ಲೆಕ್ಕ ಹೀಗೆ. ದೋಣಿಯ ವೇಗ ಎಕ್ಸ್, ಹೊಳೆಯ ವೇಗ ವೈ. ಹೊಳೆ ಹರಿಯುವ ಕಡೆಗೆ ಹೋದರೆ ಎರಡನ್ನೂ ಕೂಡಿಸಬೇಕು. ಎದುರು ಹೋದರೆ ಎಕ್ಸ್‌ನಿಂದ ವೈ ಕಳೆಯಬೇಕು. ಹೋಗುವಾಗ ಒಂದು ಸಮೀಕರಣ, ಬರುವಾಗ ಒಂದು ಸಮೀಕರಣ. ಎರಡನ್ನೂ ಒಟ್ಟಿಗೆ ಕೂಡಿಸಿದರೆ ವೈ ಹಾರಿಹೋಗಿ ಎಕ್ಸ್ ಕೈಗೆ ಸಿಗುತ್ತದೆ. ಎಕ್ಸ್ ಸಿಕ್ಕಿದ ಮೇಲೆ ವೈ ಎಲ್ಲಿಗೆ ಹೋಗುತ್ತದೆ! ಪಠ್ಯಪುಸ್ತಕದಲ್ಲಿ ಇಂಥ ದೋಣಿ ನನ್ನ ಕಾಲದಿಂದಲೂ ಓಡಾಡುತ್ತಲೇ ಉಂಟು.

"ಇದನ್ನು ಮಾಮನ ದೋಣಿಯಲ್ಲೇ ಮಾಡಿದ್ದಾ?" ಎಂದೆ.

"ಎರಡು ಸಲ ಮಾಡಿದ್ದು. ಮೊದಲನೇ ಸಲ ಹೊಳೆ ನಿಂತೇ ಹೋಯ್ತು."

ಮೊದಲನೇ ಸಲ ಆದದ್ದನ್ನು ಅವಳು ಹೇಳಿದಳು. ಮನೆಯ ಮೆಟ್ಟಿಲಿನಿಂದ ಹೊಳೆಯ ಮೇಲ್ಗಡೆ ಸರಿಯಾಗಿ ಎರಡು ಕಿಲೋಮೀಟರ್ ದೂರದಲ್ಲಿ ಹಳೆಯ ಹೆಂಚಿನ ಕಾರ್ಖಾನೆಯ ಒಂದು ಚಿಮಣಿ ಉಂಟು. ಅಲ್ಲಿಯವರೆಗೆ ಹೋಗಿ ಬರುವುದು. ಎಂಜಿನ್ ಜಾಸ್ತಿ ಕಡಿಮೆ ಆಗಬಾರದೆಂದು ಅದರ ಹಿಡಿಕೆಯ ಮೇಲೆ ಅವಳು ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದಳು. ನನ್ನ ತಮ್ಮ ಗೆರೆ ಬಿಟ್ಟು ಅಲುಗಲಿಲ್ಲ, ಪಾಪ. ಆದರೆ ಅವನು ಹುಟ್ಟಿದಲ್ಲಿಂದ ದೋಣಿಯಲ್ಲಿ ಇದ್ದವನು. ನೀರು ಏರುವಾಗ ಮೇಲೆ ಹೋಗುವುದು, ಕೆಲಸ ಮುಗಿಸಿ ಸ್ವಲ್ಪ ಹೊತ್ತು ಕೂತು, ನೀರು ಇಳಿಯಲು ಶುರುವಾದ ಮೇಲೆ ವಾಪಸು ಬರುವುದು, ಇದು ಅವನ ಕ್ರಮ. ಅಪ್ಪನ ಕ್ರಮವೂ ಅದೇ ಆಗಿತ್ತು. ಅಳಿವೆಯ ಹತ್ತಿರದ ಹೊಳೆ ದಿನಕ್ಕೆ ಎರಡು ಸಲ ಸಮುದ್ರ ತಳ್ಳಿದಾಗ ಹಿಂದಕ್ಕೆ ಹೋಗುತ್ತದೆ, ಎರಡು ಸಲ ಮುಂದಕ್ಕೆ. ತಿಳಿದವರು ಯಾರೂ ಅದಕ್ಕೆ ಎದುರು ಹೋಗುವುದಿಲ್ಲ. ತಮ್ಮ ಚಿಮಣಿಯ ಬುಡದಲ್ಲಿ ದೋಣಿ ಕಟ್ಟಿ, ಸೋದರ ಸೊಸೆಗೆ ಬನ್ಸ್ ಮತ್ತು ಚಾ ಕೊಡಿಸಿ, ನೀರು ತಿರುಗುವವರೆಗೆ ಕಾದು, ಆಮೇಲೆ ಹೊರಟ. ಹೋಗಲು ಇಪ್ಪತ್ತು ನಿಮಿಷ, ಬರಲು ಇಪ್ಪತ್ತು ನಿಮಿಷ. ಹೋಗುವಾಗಲೂ ಗಂಟೆಗೆ ಆರು, ಬರುವಾಗಲೂ ಆರು. ಲೆಕ್ಕ ಬಿಡಿಸಿದರೆ ದೋಣಿಯ ವೇಗ ಆರು, ಹೊಳೆಯ ವೇಗ ಸೊನ್ನೆ.

"ನಾನು ಮಾಮನಿಗೆ ಕೇಳಿದೆ, ಹೊಳೆ ನಿಂತದ್ದಾ ಅಂತ. ಮಾಮ ಹೇಳಿದ್ರು, 'ನಿಂತದ್ದು ನಿನ್ನ ಮಂಡೆ ಮಾರಾಯ್ತಿ, ಬರುವಾಗ ನೀರು ತಿರುಗಿತ್ತಲ್ಲ' ಅಂತ."

ಎರಡನೇ ಸಲ ಅವಳು ಚಾ ಕುಡಿಯಲಿಕ್ಕೆ ಬಿಡಲಿಲ್ಲ. ಚಿಮಣಿ ಮುಟ್ಟಿದ ಕೂಡಲೇ ತಿರುಗಿಸಬೇಕೆಂದು ಹಟ ಹಿಡಿದಳು. "ಏರುವ ನೀರಿಗೆ ಎದುರು ಯಾರಾದರೂ ಬರ್ತಾರಾ? ನೋಡಿದವರು ನಗಾಡ್ತಾರೆ" ಎಂದು ತಮ್ಮ ಗೊಣಗುತ್ತ ತಿರುಗಿಸಿದ. ಮೇಲೆ ಹೋಗಲು ಇಪ್ಪತ್ತು ನಿಮಿಷ, ಕೆಳಗೆ ಬರಲು ಮೂವತ್ತು. ಮೇಲಕ್ಕೆ ಗಂಟೆಗೆ ಆರು, ಕೆಳಕ್ಕೆ ನಾಲ್ಕು. ಸೆಕೆಂಡು ಕೆಲವು ಆಚೆ ಈಚೆ ಇದ್ದದ್ದನ್ನು ಬಿಟ್ಟಿದ್ದೇನೆ ಎಂದು ಫೈಲಿನಲ್ಲಿ ಬರೆದೂ ಇದ್ದಳು. ಎಕ್ಸ್ ಕೂಡಿಸು ವೈ ಅಂದರೆ ನಾಲ್ಕು. ಎಕ್ಸ್ ಕಳೆ ವೈ ಅಂದರೆ ಆರು. ಒಟ್ಟು ಸೇರಿಸಿದರೆ ಎರಡು ಎಕ್ಸ್ ಹತ್ತು, ಎಕ್ಸ್ ಐದು. ವೈ ಮೈನಸ್ ಒಂದು.

ನಾನು ಆ ಪುಟವನ್ನು ಮೂರು ಸಲ ಓದಿದೆ. ಮೂರನೇ ಸಲಕ್ಕೆ ನನ್ನ ತಲೆ ಅದರ ಹಳೆಯ ದಾರಿ ಹಿಡಿದಿತ್ತು: ಹತ್ತು ಅಂಕ, ಹತ್ತು ಅಂಕ ಹೋದರೆ ಆಂತರಿಕ ಅಂಕ, ಅದು ಹೋದರೆ ಒಟ್ಟು ಶೇಕಡಾ, ಅದು ಕಡಿಮೆಯಾದರೆ ಪಿಯುಸಿಗೆ ಎಲ್ಲಿ ಸೀಟು.

"ಟೀಚರ್ ಹೇಳಿದ ಹಾಗೆ ಎರಡು ಸಂಖ್ಯೆ ಆಚೆ ಈಚೆ ಮಾಡಿದರೆ ಮುಗಿಯಿತಲ್ವಾ?" ಎಂದೆ. "ಮೇಲೆ ಹೋಗಲು ಮೂವತ್ತು, ಬರಲು ಇಪ್ಪತ್ತು ಅಂತ ಬರಿ. ಉತ್ತರ ಪ್ಲಸ್ ಒಂದು ಬರ್ತದೆ. ಒಂದು ಗೆರೆಯ ವ್ಯತ್ಯಾಸ ಅಷ್ಟೆ."

ಮಗಳು ನನ್ನನ್ನು ನೋಡಿದ ರೀತಿಗೆ ನಾನು ಅನ್ನದ ಪಾತ್ರೆ ನೋಡುವ ನೆವದಲ್ಲಿ ಅಡುಗೆಮನೆಗೆ ಹೋದೆ.

"ಅಮ್ಮ, ಆಗ ಹೊಳೆ ಹಿಂದೆ ಹೋಗ್ತಾ ಇತ್ತು. ಅದಕ್ಕೇ ಮೈನಸ್ ಬಂದದ್ದು. ಲೆಕ್ಕಕ್ಕೆ ಗೊತ್ತಾಯ್ತು, ಟೀಚರಿಗೆ ಗೊತ್ತಾಗಲಿಲ್ಲ. ನಾನು ಸುಳ್ಳು ಬರೀಬೇಕಾ?"

"ಸುಳ್ಳು ಅಲ್ಲ ಮಗಾ, ಅಡ್ಜಸ್ಟ್‌ಮೆಂಟ್."

"ನೀನು ಆಫೀಸಲ್ಲಿ ಹೀಗೇ ಬರೀತೀಯಾ?"

ಆಫೀಸಿನಲ್ಲಿ ಹೀಗೆ ಬರೆದುಕೊಂಡು ಬರುವವರ ಕ್ಲೇಮುಗಳನ್ನು ವಾಪಸು ಕಳಿಸುವುದೇ ನನ್ನ ಕೆಲಸ. ಅದನ್ನು ಅವಳಿಗೆ ಹೇಳುವ ಅಗತ್ಯ ಇರಲಿಲ್ಲ. ಸಹಿ ಹಾಕದೆ ಫೈಲು ಮುಚ್ಚಿಟ್ಟೆ.

ಭಾನುವಾರ ಬೆಳಿಗ್ಗೆ ನಾನೇ ದೋಣಿ ಹತ್ತಿದೆ. ಯಾಕೆ ಹತ್ತಿದೆ ಎಂದು ಕೇಳಿದರೆ ಪ್ರಾಮಾಣಿಕ ಉತ್ತರ ಇಷ್ಟೇ: ನೀರು ಇಳಿಯುವ ಹೊತ್ತಿನಲ್ಲಿ ಹೋಗಿ ಬಂದರೆ ಪುಸ್ತಕದ ಹಾಗೆ ಪ್ಲಸ್ ಉತ್ತರ ಬರುತ್ತದೆ, ಅದನ್ನು ಕೊಟ್ಟು ಕೈತೊಳೆದುಕೊಳ್ಳಬಹುದು, ಯಾರೂ ಸುಳ್ಳು ಬರೆದ ಹಾಗಾಗುವುದಿಲ್ಲ. ಈ ಉಪಾಯ ಹೊಳೆದಾಗ ನನ್ನ ಮೇಲೆ ನನಗೇ ಅಭಿಮಾನ ಉಕ್ಕಿತ್ತು.

ನದಿ ದಡದಲ್ಲಿ ಹುಟ್ಟಿ ಬೆಳೆದ ನನಗೆ ಈಜು ಬರುವುದಿಲ್ಲ. ಅಮ್ಮನಿಗೆ ನಾನು ಮುಳುಗುತ್ತೇನೆ ಎಂಬ ಹೆದರಿಕೆಯಿದ್ದ ಕಾರಣ ನೀರಿಗೆ ಇಳಿಯಲಿಕ್ಕೆ ಬಿಟ್ಟಿರಲಿಲ್ಲ. ಇಳಿಯದ ಕಾರಣ ಈಗ ಖಂಡಿತ ಮುಳುಗುತ್ತೇನೆ. ಹೆದರಿಕೆ ನಮ್ಮಲ್ಲಿ ತಾಯಿಯಿಂದ ಮಗಳಿಗೆ ಬರುತ್ತದೆ, ಮೂಗಿನ ಹಾಗೆ. ನನ್ನ ಮಗಳಿಗೆ ಮಾತ್ರ ಯಾಕೋ ಎರಡೂ ಬರಲಿಲ್ಲ. ನಾನು ಒಂದು ಲೈಫ್ ಜಾಕೆಟ್ ಹಾಕಿಕೊಂಡು, ಇನ್ನೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತೆ.

"ಅಕ್ಕ, ಅದು ಯಾರಿಗೆ?" ಎಂದ ತಮ್ಮ.

"ಮೊದಲನೆಯದು ಹರಿದರೆ?"

"ಹರಿದರೆ ಎದ್ದು ನಿಲ್ಲು. ಇಲ್ಲಿ ನಿನ್ನ ಸೊಂಟದಷ್ಟೇ ನೀರು."

ನೀರು ಇಳಿಯುತ್ತಿತ್ತು. ಚಿಮಣಿಯವರೆಗೆ ಮೂವತ್ತು ನಿಮಿಷ ಹಿಡಿಯಿತು. ತಿರುಗಿಸಿದಾಗ ತಮ್ಮ ಮತ್ತೆ ಚಾದ ಅಂಗಡಿಯ ಕಡೆ ನೋಡಿದ, ಮಗಳು ಗಡಿಯಾರದ ಕಡೆ ನೋಡಿದಳು, ಚಾ ಸಿಗಲಿಲ್ಲ. ನಾನು ನೀರನ್ನೇ ನೋಡುತ್ತ ಕೂತಿದ್ದೆ. ಒಂದು ತೆಂಗಿನ ಸಿಪ್ಪೆಯೂ ನಮ್ಮ ಹಾಗೆ ಅಳಿವೆಯ ಕಡೆಗೇ ತೇಲುತ್ತಿತ್ತು.

"ನಿಜವಾಗಿಯೂ ಇದೇ ಜಾಗದಲ್ಲಿ ಹಿಂದೆ ಹೋಗ್ತದಾ?" ಎಂದು ಕೇಳಿದೆ.

ತಮ್ಮ ಎಂಜಿನಿನ ಗೆರೆಯಿಂದ ಕೈ ತೆಗೆಯದೆಯೇ ನಗಾಡಿದ. "ನೀನು ಇಲ್ಲಿಯೇ ಹುಟ್ಟಿದ್ದಲ್ವಾ? ನಿನ್ನ ಚಪ್ಪಲಿ ನೆನಪುಂಟಾ?"

ಚಪ್ಪಲಿ! ಮೂವತ್ತು ನಲವತ್ತು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ. ಒಂದನೇ ತರಗತಿಗೆ ಸೇರಿದ ವಾರ ಹೊಸ ಚಪ್ಪಲಿ ಹಾಕಿಕೊಂಡು ಮನೆಯ ಮೆಟ್ಟಿಲಿನಲ್ಲಿ ಕೂತು ಕಾಲು ಆಡಿಸುತ್ತಿದ್ದೆ. ಎಡಗಾಲಿನದ್ದು ಕಳಚಿ ನೀರಿಗೆ ಬಿತ್ತು, ತೇಲುತ್ತ ಸಮುದ್ರದ ಕಡೆ ಹೊರಟೇ ಹೋಯಿತು. ನಾನು ಊರು ಸೇರುವ ಹಾಗೆ ಕೂಗಿದೆ. ಅಪ್ಪ ಒಳಗಿನಿಂದ ಬಂದು ನೀರು ನೋಡಿ, "ಕೂಗ್ಬೇಡ, ಸಂಜೆಗೆ ಬರ್ತದೆ" ಎಂದು ಹೇಳಿ ಪುನಃ ಒಳಗೆ ಹೋದರು. ಸಂಜೆ ನಾನು ಅದೇ ಮೆಟ್ಟಿಲಿನಲ್ಲಿ ಕೂತಿದ್ದಾಗ ನೀರು ಏರತೊಡಗಿತು, ಕಸಕಡ್ಡಿ ಎಲ್ಲ ಹಿಂದಕ್ಕೆ ಬರತೊಡಗಿತು, ಅದರ ನಡುವೆ ನನ್ನ ಎಡಗಾಲಿನ ಚಪ್ಪಲಿ ಬಂತು. ಅಪ್ಪ ದೋಣಿಯ ಕೋಲಿನಿಂದ ಎಳೆದುಕೊಟ್ಟರು. ಆಶ್ಚರ್ಯ ಕೂಡ ಪಡಲಿಲ್ಲ ಅವರು.

ಆರನೇ ವರ್ಷದಲ್ಲಿ ನನಗೆ ಇದು ಗೊತ್ತಿತ್ತು. ಹದಿನೈದನೇ ವರ್ಷದಲ್ಲಿ ಅದೇ ಮನೆಯ ಜಗಲಿಯಲ್ಲಿ ಕೂತು, ಎದುರಿಗೆ ಹೊಳೆ ಹಿಂದೆ ಮುಂದೆ ಹೋಗುತ್ತಿರುವಾಗ, ಪುಸ್ತಕದ ದೋಣಿಯ ಲೆಕ್ಕವನ್ನು ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಅದೇ ಬಂತು, ಪೂರ್ತಿ ಅಂಕ ಸಿಕ್ಕಿತು. ಪುಸ್ತಕದ ಹೊಳೆಗೂ ಮೆಟ್ಟಿಲ ಬುಡದ ಹೊಳೆಗೂ ಎಂತಾದರೂ ಸಂಬಂಧ ಉಂಟು ಎಂದು ನನಗೆ ಒಂದು ನಿಮಿಷವೂ ಅನಿಸಿರಲಿಲ್ಲ. ಈಗ ದೋಣಿಯಲ್ಲಿ ಕೂತು ಆ ಪೂರ್ತಿ ಅಂಕದ ಬಗ್ಗೆ ಮೊದಲ ಸಲ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಟೀಚರ್ ಮೇಲಲ್ಲ, ಗುರುವಾರ ಸಂಜೆ "ಅಡ್ಜಸ್ಟ್‌ಮೆಂಟ್" ಎಂದ ಹೆಂಗಸಿನ ಮೇಲೆ.

ಇಪ್ಪತ್ತು ನಿಮಿಷಕ್ಕೆ ದಡ ಸೇರಿದೆವು. ಮಗಳು ಅಲ್ಲಿಯೇ ಮೆಟ್ಟಿಲಿನಲ್ಲಿ ಕೂತು ಲೆಕ್ಕ ಬಿಡಿಸಿದಳು: ದೋಣಿ ಐದು, ಹೊಳೆ ಪ್ಲಸ್ ಒಂದು. ದೋಣಿ ಅದೇ ಐದು! ನೀರು ಎತ್ತ ಹೋದರೂ ಎಂಜಿನಿನ ಮೇಲಿನ ಗೆರೆಗೆ ಸರಿಯಾಗಿ ಐದೇ ಬಂದದ್ದು ನೋಡಿ ನನಗೆ ಮೈ ಜುಂ ಎಂದಿತು.

"ಈಗ ಎಂತ ಮಾಡ್ತೀ? ಇದನ್ನು ಮಾತ್ರ ಕೊಡಬಹುದು, ಸುಳ್ಳಿಲ್ಲ" ಎಂದೆ. ಕೇಳಲೇಬೇಕಿತ್ತು, ಉಪಾಯ ನನ್ನದಲ್ಲವೆ.

"ಎರಡೂ ಕೊಡ್ತೇನೆ. ಅದನ್ನು ತೆಗೆದರೆ ನಮ್ಮ ಹೊಳೆ ಒಂದೇ ಕಡೆ ಹೋಗ್ತದೆ ಅಂತ ಹೇಳಿದ ಹಾಗೆ ಆಗ್ತದೆ."

ನಾನು ಪೆನ್ನು ಕೇಳಿ ಎರಡು ಪುಟಕ್ಕೂ ಸಹಿ ಹಾಕಿದೆ. ಮೈನಸ್ ಇದ್ದ ಪುಟದಲ್ಲಿ ಸಹಿಯ ಕೆಳಗೆ "ನೋಡಿದ್ದೇನೆ, ಉತ್ತರ ಸರಿ" ಎಂದೂ ಬರೆದೆ. ಏನನ್ನೂ ನಾಲ್ಕು ಸಲ ಓದದೆ ಸಹಿ ಹಾಕದವಳು ನಾನು. ತಮ್ಮ, "ಅಕ್ಕನಿಗೆ ಬಿಸಿಲು ತಾಗಿತಾ?" ಎಂದ.

ಸೋಮವಾರ, ಟೀಚರಿಗೆ ನಾನೇ ವಿವರಿಸಬೇಕೆಂದು ಅರ್ಧ ದಿನದ ರಜೆ ಹಾಕಿ ಶಾಲೆಗೆ ಹೊರಟೆ. ಬಸ್ಸು ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡು ನಿಂತಿತು. ಶಾಲೆಗೆ ಇನ್ನು ಎರಡೇ ಸ್ಟಾಪು. ಧೈರ್ಯ ಸಾಲದವರಿಗೆ ಆ ಜಂಕ್ಷನಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ, ಯೋಚನೆ ಮಾಡಲಿಕ್ಕೆ ಬೇಕಾದಷ್ಟು ಸಮಯ ಕೊಡುತ್ತದೆ. ಟೀಚರಿಗೆ ಸಿಟ್ಟು ಬಂದರೆ? ಮಗಳನ್ನು ವರ್ಷವಿಡೀ ಗುರಿ ಮಾಡಿದರೆ? ಇಳಿದು ಎದುರಿನ ಬಸ್ಸು ಹತ್ತಿದರೆ ಹದಿನೈದು ನಿಮಿಷದಲ್ಲಿ ಮನೆ. ಇಳಿಯಲಿಕ್ಕೆ ಎದ್ದೂ ನಿಂತೆ. ಅಷ್ಟರಲ್ಲಿ ಬಸ್ಸು ಹೊರಟಿತು, ಕಂಡಕ್ಟರ್ "ಕೂತುಕೊಳ್ಳಿ ಅಕ್ಕ, ಬೀಳ್ತೀರಿ" ಎಂದು ಗದರಿದ, ನಾನು ಕೂತೆ. ನನ್ನ ಧೈರ್ಯದಲ್ಲಿ ಆ ಕಂಡಕ್ಟರನದ್ದೂ ಒಂದು ಪಾಲು ಉಂಟು.

ಗಣಿತದ ಟೀಚರ್ ಘಟ್ಟದ ಮೇಲಿನವರು, ಇಲ್ಲಿಗೆ ಬಂದು ಎರಡು ವರ್ಷ ಆಗಿತ್ತಷ್ಟೆ. ಒಳ್ಳೆಯ ಹೆಂಗಸು, ಸ್ಟಾಫ್‌ರೂಮಿನಲ್ಲಿ ತನ್ನ ಕುರ್ಚಿಯನ್ನೇ ನನಗೆ ಕೊಟ್ಟರು. ಮೇಜಿನ ಮೇಲೆ ಅರುವತ್ತು ಫೈಲುಗಳ ರಾಶಿ. ಮಗಳನ್ನೂ ತರಗತಿಯಿಂದ ಕರೆಸಿದರು.

"ನೋಡಿ ಮೇಡಂ, ಹುಡುಗಿ ಜಾಣೆ. ಆದ್ರೆ ಹೊಳೆ ವೇಗ ಮೈನಸ್ ಅಂದ್ರೆ ಏನರ್ಥ? ನಮ್ಮೂರಲ್ಲೂ ಹೊಳೆ ಇದೆ. ಅದು ಹಿಂದಕ್ಕೆ ಹೋಗಿದ್ದು ನಾನಂತೂ ನೋಡಿಲ್ಲ."

"ನಿಮ್ಮ ಊರಿನ ಹೊಳೆಗೆ ಸಮುದ್ರ ದೂರ ಟೀಚರ್," ಎಂದೆ. "ನಮ್ಮದಕ್ಕೆ ಪಕ್ಕದ ಮನೆ. ದಿನಕ್ಕೆ ಎರಡು ಸಲ ತಳ್ಳುತ್ತದೆ."

ಮಗಳು ಗೋಡೆಯ ಬೋರ್ಡಿನ ಹತ್ತಿರ ಹೋಗಿ ಬರೆದಳು. ಸಮುದ್ರದ ಕಡೆ ಹರಿಯುವುದನ್ನು ಪ್ಲಸ್ ಎಂದು ಇಟ್ಟುಕೊಂಡರೆ, ಹಿಂದಕ್ಕೆ ಹರಿಯುವುದು ಮೈನಸ್. "ಐದಕ್ಕೆ ಮೈನಸ್ ಒಂದು ಕೂಡಿಸಿದರೆ ನಾಲ್ಕು, ಟೀಚರ್. ಐದರಿಂದ ಮೈನಸ್ ಒಂದು ಕಳೆದರೆ ಆರು. ಎರಡು ಸಮೀಕರಣಕ್ಕೂ ತಾಳೆ ಆಗ್ತದೆ."

ಟೀಚರ್ ಬೋರ್ಡಿನ ಲೆಕ್ಕವನ್ನು ತಾವೇ ಇನ್ನೊಮ್ಮೆ ಕೂಡಿಸಿ ಕಳೆದು ನೋಡಿದರು. ಮೇಜಿನ ಮೇಲಿದ್ದ ನಿನ್ನೆಯ ಪುಟವನ್ನೂ ನೋಡಿದರು. ಅವರಿಗೆ ಅರ್ಥವಾಯಿತು, ನನಗೆ ಕಂಡಿತು. ಆಮೇಲೆ ಧ್ವನಿ ತಗ್ಗಿಸಿದರು.

"ಸರಿ ಇದೆ. ನಾನು ಇಲ್ಲ ಅನ್ನಲ್ಲ. ಆದ್ರೆ ಈ ಫೈಲ್ ನೋಡೋಕೆ ಹೊರಗಿಂದ ಬರ್ತಾರೆ. ಮೈನಸ್ ಕಂಡ ತಕ್ಷಣ ಕೇಳೋದು ನನ್ನನ್ನೇ. ಅರವತ್ತು ಫೈಲಲ್ಲಿ ಇದೊಂದಕ್ಕೆ ನಾನು ಹೊಳೆ ಕಥೆ ಹೇಳ್ತಾ ಕೂರೋಕಾಗುತ್ತಾ? ಪ್ಲಸ್ ಬಂದಿರೋ ಪುಟ ಇದ್ಯಲ್ಲ, ಅದೊಂದೇ ಇರ್ಲಿ. ಹತ್ತಕ್ಕೆ ಹತ್ತು. ಇದೂ ಬೇಕೇ ಬೇಕು ಅಂದ್ರೆ ಏಳರ ಮೇಲೆ ನನ್ನಿಂದ ಕೊಡೋಕಾಗಲ್ಲ."

ಹೀಗೆ ಹೇಳುತ್ತಲೇ ಮೈನಸ್ ಇದ್ದ ಪುಟದ ಪಿನ್ನು ತೆಗೆಯಲು ಕೈ ಚಾಚಿದರು. ನಾನು ಫೈಲಿನ ಮೇಲೆ ಅಂಗೈ ಇಟ್ಟೆ.

ಜೀವಮಾನದಲ್ಲಿ ನಾನು ಹೀಗೆ ಎಲ್ಲಿಯೂ ಕೈ ಇಟ್ಟವಳಲ್ಲ. ರೇಶನ್ ಅಂಗಡಿಯ ಸಾಲಿನಲ್ಲಿ ಮಧ್ಯೆ ನುಗ್ಗಿದವರಿಗೆ ದಾರಿ ಬಿಡುವವಳು, ಆಟೋದವನು ತಪ್ಪು ರಸ್ತೆ ಹಿಡಿದರೆ ಅದೇ ಸರಿ ಇರಬಹುದೇನೋ ಎಂದು ಸುಮ್ಮನೆ ಕೂರುವವಳು. ಆದರೂ ಇಟ್ಟ ಕೈ ತೆಗೆಯಲಿಲ್ಲ.

ಮಗಳ ಕಡೆ ನೋಡಿದೆ. ಮೂರು ಅಂಕ ನನ್ನದಲ್ಲ, ಅವಳದ್ದು.

"ನನಗೆ ಏಳು ಸಾಕು ಟೀಚರ್," ಎಂದಳು.

"ಆ ಪುಟ ಇರಲಿ," ಎಂದೆ ನಾನು. "ತಪ್ಪು ಬರೆದದ್ದಾದರೆ ಸೊನ್ನೆ ಕೊಡಿ, ನಾನು ಬಾಯಿ ತೆರೆಯುವುದಿಲ್ಲ. ಸರಿ ಬರೆದದ್ದನ್ನು ಕಿತ್ತು ಹಾಕಲಿಕ್ಕೆ ಮಾತ್ರ ನಾನು ಬಿಡುವುದಿಲ್ಲ."

ಪಕ್ಕದ ಮೇಜಿನಲ್ಲಿ ಕನ್ನಡದ ಮೇಷ್ಟ್ರು ಓದುತ್ತಿದ್ದ ಪೇಪರನ್ನು ಸ್ವಲ್ಪ ಕೆಳಗೆ ಇಳಿಸಿದರು. ಟೀಚರ್ ಕೈ ಹಿಂದೆ ತೆಗೆದುಕೊಂಡರು. ಕೆಂಪು ಪೆನ್ನಿನಿಂದ "ಋಣವಾಗದು" ಎಂಬುದಕ್ಕೆ ತಾವೇ ಅಡ್ಡಗೆರೆ ಎಳೆದು, ಮೂಲೆಯಲ್ಲಿ ಏಳು ಎಂದು ಬರೆದರು. ಬರೆಯುವಾಗ ಮುಖದಲ್ಲಿ ಬೇಸರವಿತ್ತು. ನನ್ನ ಮೇಲೋ, ಏಳರ ಮೇಲೋ, ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪೋಷಕರ ಗ್ರೂಪಿನಲ್ಲಿ ಅಂಕಗಳು ಬರತೊಡಗಿದ್ದವು. ಪೆನ್ನು ಪುಸ್ತಕದವರಿಗೆಲ್ಲ ಹತ್ತಕ್ಕೆ ಹತ್ತು. ನಾನು ಏಳು ಎಂದು ಹಾಕಿದೆ. ಮೂರು ಜನ ಕೈಮುಗಿಯುವ ಚಿತ್ರ ಕಳಿಸಿದರು, ಒಬ್ಬರು ಒಳ್ಳೆಯ ಟ್ಯೂಷನಿನ ವಿಳಾಸವನ್ನೇ ಕಳಿಸಿದರು. ಏಳು ಎಂಬುದನ್ನು ಅಳಿಸಿ ಹಾಕುವ ಆಸೆ ಎರಡು ಸಲ ಆಯಿತು. ಅಳಿಸಲಿಲ್ಲ.

ಫೈಲು ನೋಡಲು ಬರುವವರು ಇದನ್ನು ಬರೆಯುವ ಹೊತ್ತಿಗೆ ಇನ್ನೂ ಬಂದಿಲ್ಲ. ಅವರು ಬರುವುದನ್ನು ನೆನೆಸಿ ನನಗೆ ಆಗಲೇ ಚಿಂತೆ, ಮಂಡೆ ಬೆಚ್ಚ ಶುರುವಾಗಿದೆ, ಅದು ಬೇರೆ ವಿಷಯ. ಆದರೆ ಆ ದಿನ ಸ್ಟಾಫ್‌ರೂಮಿನ ಬಾಗಿಲ ತನಕ ಟೀಚರ್ ನನ್ನ ಜೊತೆ ಬಂದು, "ಅವ್ರು ಕೇಳಿದ್ರೆ ನಾನೇನು ಹೇಳ್ಲಿ ಮೇಡಂ?" ಎಂದಾಗ ನನ್ನ ಹತ್ತಿರ ಉತ್ತರ ತಯಾರಿತ್ತು.

"ನನಗೆ ಫೋನ್ ಮಾಡಿ ಟೀಚರ್. ಅವರನ್ನು ದೋಣಿಯಲ್ಲಿ ಕೂರಿಸುತ್ತೇನೆ, ನೀವೂ ಬನ್ನಿ. ನೀರು ಏರುವ ಹೊತ್ತು ನೋಡಿ ಬರಲಿಕ್ಕೆ ಹೇಳಿ, ಅಷ್ಟೆ. ಇಳಿಯುವಾಗ ಬಂದರೆ ಅವರಿಗೆ ಪುಸ್ತಕದ ಹೊಳೆಯೇ ಕಾಣುವುದು."